ಸೊಟ್ಟ ಮನೆಯ ಕೇಕು

ಬಿಸ್ಕತ್ತು ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಬೇಯಿಸುವುದಲ್ಲ, ಎಸೆಯುವುದು. ಬೆಂದ ಬಿಸ್ಕತ್ತುಗಳು ಬೆಲ್ಟಿನ ಮೇಲೆ ಸಾಲುಸಾಲಾಗಿ ಬರುತ್ತವೆ. ಬೆಲ್ಟಿನ ಆಚೆ ಇಬ್ಬರು, ಈಚೆ ಇಬ್ಬರು, ನಾವು ನಾಲ್ವರು ಹೆಂಗಸರು. ಅಂಚು ಮುರಿದದ್ದು, ಬೆನ್ನು ಉಬ್ಬಿದ್ದು, ಒಂದು ಮಗ್ಗುಲು ಕಪ್ಪಾದದ್ದು, ಸೊಟ್ಟಗಿರುವುದು ಕಂಡರೆ ತೆಗೆದು ಕಾಲ ಬಳಿಯ ಡಬ್ಬಕ್ಕೆ ಹಾಕಬೇಕು. "ಕಣ್ಣು ಬೆಲ್ಟ್ ಮೇಲಿರ್ಲಿ, ಬಾಯಿ ಎಲ್ಲಿ ಬೇಕಾದ್ರೂ ಇರ್ಲಿ" ಅನ್ನುತ್ತಾನೆ ಸೂಪರ್‌ವೈಸರ್. ಹದಿಮೂರು ವರ್ಷವಾಯಿತು. ಈಗ ಕೈ ಕಣ್ಣಿನ ಅಪ್ಪಣೆಗೂ ಕಾಯುವುದಿಲ್ಲ. ಪಕ್ಕದವಳ ಜೊತೆ ಅವಳ ನಾದಿನಿಯ ಮದುವೆ ಮಾತಾಡುತ್ತಿರುವಾಗಲೇ ಸೊಟ್ಟದ್ದು ಡಬ್ಬ ಸೇರಿರುತ್ತದೆ.

ಬೆಲ್ಟು ನಿಂತ ಮೇಲೆ ಒಂದು ತಮಾಷೆ ನಡೆಯುತ್ತದೆ. ಎಂಟು ಗಂಟೆ ಹರಿಯುವುದನ್ನೇ ನೋಡಿದ ಕಣ್ಣಿಗೆ ನಿಂತದ್ದೆಲ್ಲ ಹಿಂದಕ್ಕೆ ಜಾರುವಂತೆ ಕಾಣುತ್ತದೆ. ಬಸ್‌ಸ್ಟಾಪಿನ ಕಂಬ, ಮನೆಯ ಗೋಡೆ, ಮಂಚ, ಎಲ್ಲ. ಕೂತರೆ ತಲೆ ಸುತ್ತುತ್ತದೆ. ಹಾಗಾಗಿ ಮನೆಗೆ ಬಂದವಳು ಕೂರುವುದಿಲ್ಲ. ಮಗಳು ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚುತ್ತೇನೆ. ಅತ್ತೆ ಹೆಚ್ಚಿಟ್ಟ ತರಕಾರಿಯಲ್ಲಿ ದಪ್ಪ ಹೋಳು ಹುಡುಕಿ ಎರಡು ಮಾಡುತ್ತೇನೆ. "ನಾಯಿ ಬಾಲಕ್ಕೂ ದಬ್ಬೆ ಕಟ್ಟಿ ನೆಟ್ಟಗೆ ಮಾಡೋಳು ಕಣೇ ನೀನು" ಅನ್ನುತ್ತಾರೆ ಅತ್ತೆ. ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದಂತೆ ಮನೆಯಲ್ಲಿ ನಾವು ಮೂವರೇ.

ಮಗಳಿಗೆ ಹತ್ತು ವರ್ಷ. ಯಾವಾಗಲೂ ಪುಸ್ತಕದೊಳಗೇ ಇರುತ್ತಾಳೆಂದು ಅತ್ತೆ ಅವಳನ್ನು ಹುಳು ಅಂತ ಕರೆಯುತ್ತಾರೆ. ಪುಸ್ತಕದ ಹುಳು ಅನ್ನುವಷ್ಟು ವ್ಯವಧಾನ ಅವರಿಗಿಲ್ಲ. ನಾವೂ ಹಾಗೇ ಕರೆದು ಕರೆದು, ಈಗ ಶಾಲೆಯ ಹೆಸರಿಂದ ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

ಹುಳು ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ. ಹೋದ ವರ್ಷ ಶಾಲೆಯ ಚಿತ್ರ ಸ್ಪರ್ಧೆಗೆ ಒಂದು ಸೇತುವೆ ಬರೆದಿದ್ದಳು. ಅವಳು ಮಲಗಿದ ಮೇಲೆ ನಾನು ರಬ್ಬರು ತೆಗೆದುಕೊಂಡು ಸೇತುವೆಯ ಕಂಬಗಳನ್ನು ಸ್ಕೇಲಿಟ್ಟು ನೆಟ್ಟಗೆ ಮಾಡಿದೆ. ಒಳ್ಳೆಯದಕ್ಕೇ ಮಾಡಿದ್ದು. ಬೆಳಿಗ್ಗೆ ಎದ್ದು ನೋಡಿದವಳ ಮುಖ ಮುದುಡಿತು. ಚಿತ್ರವನ್ನು ಶಾಲೆಗೆ ಒಯ್ಯಲೇ ಇಲ್ಲ. ಆಮೇಲೆ ಯಾವುದಕ್ಕೂ ಹೆಸರು ಕೊಡಲಿಲ್ಲ. ಟೀಚರ್ ಕರೆಸಿ ಹೇಳಿದರು, "ಕೈ ಎತ್ತೋದನ್ನೇ ಬಿಟ್ಟಿದ್ದಾಳೆ."

ಅಂಥವಳು ಒಂದು ಸಂಜೆ ಊಟದ ನಡುವೆ, ತಟ್ಟೆ ನೋಡುತ್ತಾ, "ನಾನು ಹೆಸರು ಕೊಟ್ಟು ಬಂದೆ" ಅಂದಳು.

ನಮ್ಮ ಬೀದಿಯ ಕೊನೆಗೆ, ನೀರಿನ ಪಂಪ್‌ಹೌಸಿನ ಪಕ್ಕ, ಎರಡು ಕೋಣೆಯ ಒಂದು ಲೈಬ್ರರಿ ಇದೆ. ಬೀದಿಯವರೇ ಕೂಡಿ ನಡೆಸುವುದು. ಅಲ್ಲಿ ಕೇಕಿನ ಸ್ಪರ್ಧೆಯಂತೆ. ಓದಿದ ಪುಸ್ತಕ ಯಾವುದೋ ಒಂದನ್ನು ಆರಿಸಿ ಅದರಿಂದ ಹೊಳೆದ ಕೇಕು ಮಾಡಬೇಕು, ಕೇಕಿನ ಪಕ್ಕ ಆ ಪುಸ್ತಕ ಇಡಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳು ಪೂರ್ತಿ ತಾವೇ ಮಾಡಬೇಕು, ದೊಡ್ಡವರು ಬರೀ ಒಲೆಯ ಹತ್ತಿರ ಕಾವಲು ನಿಲ್ಲಬಹುದು. ಭಾನುವಾರ ಸಂಜೆ ನಾಲ್ಕಕ್ಕೆ.

"ಯಾವ ಪುಸ್ತಕ?" ಅಂದೆ.

ಹುಳು ಹೇಳತೊಡಗಿದಳು. ಆವತ್ತು ಹೇಳಿದಳು, ಮರುದಿನ ಹೇಳಿದಳು, ಅದರ ಮರುದಿನವೂ. ಯಾವುದೋ ಮನೆ, ಯಾರೋ ಬಡಗಿ. ನಾನು ಪಾತ್ರೆ ಉಜ್ಜುತ್ತಾ, ಅವಳ ಸಮವಸ್ತ್ರದ ಗುಂಡಿ ಹೊಲಿಯುತ್ತಾ, ಹೂಂ ಅಂದೆ. ನನಗಿದ್ದ ಯೋಚನೆ ಒಂದೇ: ಈ ಸಲ ಇವಳು ನಗೆಪಾಟಲಾಗಬಾರದು. ಈ ಸಲವೂ ಮುದುಡಿಕೊಂಡರೆ ಮತ್ತೆ ಈ ಹುಡುಗಿ ಯಾವತ್ತಾದರೂ ಕೈ ಎತ್ತುತ್ತಾಳೆಯೇ?

ಬುಧವಾರ ಬೆಲ್ಟಿನ ಮೋಟರು ಕೆಟ್ಟು ಅರ್ಧ ದಿನ ಕೆಲಸ ನಿಂತಿತು. ಆ ಅರ್ಧ ದಿನ ತುಂಬಿಸಲು ಭಾನುವಾರ ಅರ್ಧ ದಿನ ಬನ್ನಿ ಅಂದರು. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಬಂದೆ. ಕಾಲು ಇನ್ನೂ ಫ್ಯಾಕ್ಟರಿಯಲ್ಲೇ ಇತ್ತು. ಬಚ್ಚಲಲ್ಲಿ ಅತ್ತೆ ಬಟ್ಟೆ ಒಗೆಯುವ ಸದ್ದು. ಹುಳು ಕಾಣಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮೇಲಿನ ಮನೆಯ ಟೈಲರ್‌ನಿಂದ ತಂದ ಪುಟ್ಟ ಓವನ್ನು, ಅದರ ಪಕ್ಕದಲ್ಲಿ ತಟ್ಟೆಯ ಮೇಲೆ ಕೇಕು.

ಕೇಕು ಅಂದರೆ, ಏನು ಹೇಳಲಿ. ಒಂದು ಕಡೆ ಎತ್ತರ, ಇನ್ನೊಂದು ಕಡೆ ಕುಸಿದಿತ್ತು. ಎತ್ತರದ ಕಡೆ ಬಿರುಕು. ಕುಸಿದ ಕಡೆಯ ಅಂಚು ಕಪ್ಪು. ಕಿಟಕಿಗಳಿರಬೇಕು, ಜಾಮಿನಲ್ಲಿ ಮೂರು ಚೌಕ ಬಳಿದಿದ್ದಳು, ಅವೂ ಓರೆ. ಓವನ್ನಿನ ಬಾಗಿಲು ತೆರೆದು ನೋಡಿದರೆ ಒಳಗೊಂದು ಚಮಚ. ತೆಗೆಯುವುದನ್ನು ಮರೆತಿದ್ದಾರೆ ಅಂತ ಲೊಚಗುಟ್ಟಿ ಅದನ್ನು ತೊಳೆದಿಟ್ಟೆ.

ಗಡಿಯಾರ ನೋಡಿದೆ. ಇನ್ನೂ ಮೂರು ಗಂಟೆಗೂ ಹೆಚ್ಚು ಹೊತ್ತಿತ್ತು. ಬುಟ್ಟಿಯಲ್ಲಿ ನಾಲ್ಕು ಮೊಟ್ಟೆ, ಡಬ್ಬದಲ್ಲಿ ಹಿಟ್ಟು, ಸಕ್ಕರೆ. ಬೇಗ ಬೇಗ ಒಂದು ಚೆಂದದ್ದು ಮಾಡಿಬಿಡಬಹುದು, ಯಾರಿಗೆ ಗೊತ್ತಾಗುತ್ತೆ ಅನ್ನಿಸಿತು. ಅಷ್ಟು ಹೊತ್ತಿಗೆ ಎಡಗೈ ತಟ್ಟೆ ಎತ್ತಿತ್ತು, ಬಲಗಾಲು ಕಸದ ಡಬ್ಬದ ಮುಚ್ಚಳ ತೆರೆದಿತ್ತು. ಕೇಕು ತರಕಾರಿ ಸಿಪ್ಪೆಯ ಮೇಲೆ ಬಿದ್ದ ಸದ್ದು ಕೂಡ ಬರಲಿಲ್ಲ. ನಾಲ್ಕೂ ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿ ಕಲಕತೊಡಗಿದೆ.

ಹುಳು ಒಳಗೆ ಬಂದಳು. ಕೈಯಲ್ಲಿ ಟೈಲರ್ ಮನೆಯ ಸಣ್ಣ ಜರಡಿ. ಕಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ನೇರ ಹೋಗಿ ಕಸದ ಡಬ್ಬದ ಮುಚ್ಚಳ ಎತ್ತಿದಳು. ಎಲ್ಲಿ ಹುಡುಕಬೇಕೆಂದು ಅವಳಿಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಅದು ನನಗೆ ಚುಚ್ಚಿತು.

"ಅದು ಕುಸಿದಿತ್ತು ಕಣೇ ಕಂದಾ. ನಾನು ಇನ್ನೊಂದು..."

"ಕುಸಿದಿರ್ಲಿಲ್ಲ. ನಾನೇ ವಾಲಿಸಿದ್ದು. ಟ್ರೇ ಕೆಳಗೆ ಚಮಚ ಇಟ್ಟು ಬೇಯಿಸಿದ್ದು."

ನಾನು ತೊಳೆದಿಟ್ಟ ಚಮಚದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಆ ಮನೇನೇ ಹಂಗೆ ಅಮ್ಮ. ಒಳಗೆ ಯಾರಿಗೆ ಬೇಜಾರಾಗಿರುತ್ತೋ ಅವರ ಕಡೆ ವಾಲುತ್ತೆ. ಮೂರು ದಿನ ಹೇಳಿದೀನಿ. ಮೂರು ದಿನಾನೂ ಹೂಂ ಅಂದೆ."

"ಕೆಲಸದ ಗಡಿಬಿಡೀಲಿ..."

"ನನ್ನ ಹೆಸರು ಹೊಡೆದುಹಾಕಿ ಅಂತ ಲೈಬ್ರರಿ ಮೇಡಂಗೆ ಹೇಳಿಬಿಡು. ನಾನು ಹೋಗಲ್ಲ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಜರಡಿಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೋಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಒದ್ದೆ ಕೈಯಲ್ಲೇ ಅತ್ತೆ ಬಂದರು. ಕಸದ ಡಬ್ಬಕ್ಕೆ ಇಣುಕಿದರು. "ಅಯ್ಯೋ ನಿನ್ನ! ಬೆಳಿಗ್ಗೆ ಏಳಕ್ಕೆ ಎದ್ದು ಮಾಡಿದ್ದು ಕಣೇ ಆ ಮಗು! ಚಮಚ ಜಾರುತ್ತೆ ಅಂತ ಮೂರು ಸಲ ಇಟ್ಟು ತೆಗೆದು, ಇಟ್ಟು ತೆಗೆದು... ಮುಟ್ಟೋಕೂ ಬಿಡಲಿಲ್ಲ ನನ್ನ!"

"ನಂಗೇನು ಗೊತ್ತು ಅತ್ತೆ? ನೋಡೋಕೆ ಹಂಗಿತ್ತು."

"ನಿನ್ನ ಕಣ್ಣಿಗೆ ಈ ಲೋಕದಲ್ಲಿ ನೆಟ್ಟಗಿರೋದು ಯಾವುದಿದೆ? ಆ ಸೂರ್ಯನ್ನೂ ಸ್ವಲ್ಪ ಓರೆಯಾಗಿ ಹುಟ್ಟಿದ ಅಂತ ಎತ್ತಿ ಹಾಕು ಡಬ್ಬಕ್ಕೆ."

ನಾನು ಕಲಕುವುದನ್ನು ನಿಲ್ಲಿಸಲಿಲ್ಲ. ನಾನೇ ಸೊಟ್ಟಗೊಂದು ಮಾಡಿಕೊಡುತ್ತೇನೆ, ಅದಕ್ಕೇನು ಮಹಾ ಅಂದುಕೊಂಡು ಚಮಚವನ್ನು ಟ್ರೇ ಕೆಳಗಿಟ್ಟೆ. ಕೈ ಟ್ರೇಯನ್ನು ಅಲ್ಲಾಡಿಸಿ ಮಟ್ಟ ಮಾಡಿತು. ಮತ್ತೆ ಇಟ್ಟೆ. ಮತ್ತೆ ಮಟ್ಟ ಮಾಡಿತು. ಮೂರನೆಯ ಸಲ ನನಗೇ ಹೆದರಿಕೆಯಾಯಿತು. ಅಲ್ಲದೆ, ಮಾಡಿದರೂ ಅದು ಯಾರ ಕೇಕು? ತಾವೇ ಮಾಡಬೇಕು ಅಂದಿದ್ದಾರೆ. ನನ್ನದನ್ನು ತನ್ನದೆಂದು ಹೇಳುವ ಹುಡುಗಿ ಅವಳಲ್ಲ.

ಮಂಚದ ಹತ್ತಿರ ಹೋಗಿ ನಿಂತೆ. ಗಂಟೆ ಒಂದೂ ಕಾಲು.

"ಹುಳು. ಇನ್ನೂ ಹೊತ್ತಿದೆ. ನೀನೇ ಮಾಡು. ನಾನು ಒಳಗೆ ಬರಲ್ಲ."

ಗೋಡೆಗೇ ಹೇಳಿದಳು, "ಬರ್ತೀಯ."

"ಬರಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿರ್ತೀನಿ."

"ನಿಂಗೆ ಕೂರೋಕೆ ಬರಲ್ಲ."

"ಕಲೀತೀನಿ."

ಹುಳು ಎದ್ದು ಕೂತಳು. ಕೂದಲೆಲ್ಲ ಕೆದರಿತ್ತು. ಬಾಚಬೇಕೆಂದು ಕೈ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡೆ. ಅವಳು ಅದನ್ನೂ ನೋಡಿದಳು.

"ಒಂದೇ ಒಂದು ಸಲ ಒಳಗೆ ಕಾಲಿಟ್ರೆ ನಾನು ಹೋಗಲ್ಲ. ಯಾವತ್ತೂ ಯಾವುದಕ್ಕೂ ಹೋಗಲ್ಲ."

"ಆಗಲಿ."

"ಮೊಟ್ಟೆ ನೀನು ಒಡೆದುಬಿಟ್ಟಿದೀಯ. ಬೇರೆ ಇಲ್ಲ. ಅದು ನಾನೇ ಮಾಡಿದ ಹಾಗಾಗುತ್ತಾ?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂದರು, "ಮೊಟ್ಟೆ ಇಟ್ಟಿದ್ದು ಕೋಳಿ. ಅಷ್ಟು ನಿಯತ್ತಿದ್ರೆ ಅದರ ಹೆಸರೂ ಬರಿ. ನಡಿ ಒಳಗೆ."

ಇಬ್ಬರೂ ಅಡುಗೆಮನೆಗೆ ಹೋದರು. ಹೋಗುವ ಮುಂಚೆ ಹುಳು ತೆಳ್ಳನೆಯ ಆ ಪುಸ್ತಕವನ್ನು ನನ್ನ ಕೈಗಿಟ್ಟು, ಮನೆಯ ಮುಂಬಾಗಿಲನ್ನು ನನ್ನ ಮುಖದ ಮೇಲೆಯೇ ಹಾಕಿಕೊಂಡಳು. ಚಿಲಕ ಹಾಕಿದ ಸದ್ದು ಬರಲಿಲ್ಲ. ತಳ್ಳಿದರೆ ತೆರೆಯುತ್ತಿತ್ತು.

ನಮ್ಮದು ಎರಡನೆಯ ಮಹಡಿ. ಸಿಮೆಂಟಿನ ಮೆಟ್ಟಿಲು, ಒಂದು ಕಡೆ ಕಬ್ಬಿಣದ ಕಂಬಿ. ಮೂರನೆಯ ಮೆಟ್ಟಿಲ ಮೇಲೆ ಕೂತೆ. ಕೂತ ಕೂಡಲೇ ಎದುರಿನ ಗೋಡೆ ಹಿಂದಕ್ಕೆ ಜಾರತೊಡಗಿತು. ಎದ್ದೆ. ಮತ್ತೆ ಕೂತೆ. ಅಡುಗೆಮನೆಯ ಕಿಟಕಿ ಮೆಟ್ಟಿಲ ಕಡೆಗೇ ತೆರೆಯುವುದರಿಂದ ಪ್ರತಿಯೊಂದು ಸದ್ದೂ ಕೇಳಿಸುತ್ತಿತ್ತು. ಕಲಕುತ್ತಿದ್ದಾಳೆ. ಇನ್ನೂ ಕಲಕುತ್ತಿದ್ದಾಳೆ. ಹಿಟ್ಟು ಹಾಕಿದ ಮೇಲೆ ಅಷ್ಟು ಕಲಕಬಾರದು, ಗಟ್ಟಿಯಾಗುತ್ತೆ. ಯಾವುದೋ ಬಟ್ಟಲು ಬಿತ್ತು. "ಬಿದ್ದಿದ್ದು ಖಾಲಿದು!" ಅಂತ ಅತ್ತೆ ಒಳಗಿಂದ ಕೂಗಿದರು, ನಾನು ಕೇಳದೆಯೇ.

ಪುಸ್ತಕ ತೆರೆದೆ. ವಾಲುವ ಮನೆಗೆ ಒಬ್ಬ ಬಡಗಿ ಬರುತ್ತಾನೆ. ಮಟ್ಟ ನೋಡುವ ಕೋಲು, ದಾರ, ಗೂಟ ಎಲ್ಲ ಹೊತ್ತು ತಂದಿದ್ದಾನೆ. ಇಡೀ ದಿನ ಗೂಟ ಹೊಡೆದು ಮನೆಯನ್ನು ನೆಟ್ಟಗೆ ನಿಲ್ಲಿಸುತ್ತಾನೆ. ರಾತ್ರಿ ಒಳಗಿನ ಮುದುಕಿಗೆ ಯಾವುದೋ ಹಳೆಯ ನೆನಪಾಗುತ್ತದೆ, ಮನೆ ಗೂಟಗಳನ್ನೆಲ್ಲ ಹಲ್ಲುಕಡ್ಡಿಯ ಹಾಗೆ ಮುರಿದು ಅವಳ ಕಡೆ ಒರಗುತ್ತದೆ. ಮಕ್ಕಳು ನಗಬೇಕಾದ ಜಾಗ ಅದು. ನನಗೆ ಬಡಗಿಯ ಮೇಲೆ ಕನಿಕರ ಬಂತು. ಪಾಪ, ಅವನಿಗೆ ಯಾರೂ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

ಟೈಲರ್ ಮೇಲಿನಿಂದ ಇಳಿದು ಬಂದ. ಕೊರಳಲ್ಲಿ ಅಳತೆಯ ಪಟ್ಟಿ. ಭಾನುವಾರವೂ ಅದನ್ನು ತೆಗೆಯುವುದಿಲ್ಲ.

"ಏನಕ್ಕಾ, ಮನೆಯಿಂದ ಹೊರಗೆ ಹಾಕಿದ್ರಾ?"

"ಹಾಕಿದ್ರು."

"ಎಷ್ಟು ದಿನಕ್ಕೆ?"

"ಕೇಕು ಬೇಯೋವರೆಗೆ."

"ನಮ್ಮ ಓವನ್ನಲ್ಲಾ? ಹಂಗಾದ್ರೆ ರಾತ್ರಿ ಊಟ ನಮ್ಮನೇಲೇ ಮಾಡಿ. ಅದು ಬಲಗಡೆ ಒಂದೇ ಬಿಸಿ ಆಗೋದು. ಎಡಗಡೆ ಬರೀ ದೀಪ ಉರಿಯುತ್ತೆ, ಶೋಕಿಗೆ."

ನಾನು ಎದ್ದು ನಿಂತೆ. "ಅಯ್ಯೋ, ಅದನ್ನ ಅವಳಿಗೆ ಹೇಳಿದೀರಾ?"

"ಬೆಳಿಗ್ಗೇನೇ ಹೇಳಿದೆ. ಒಳ್ಳೇದಾಯ್ತು ಅಂಕಲ್, ನಂಗೆ ಅದೇ ಬೇಕು ಅಂದ್ಲು." ನಗುತ್ತಾ ಇಳಿದು ಹೋದ.

ಎರಡೂ ಐದು. ಓವನ್ನಿನ ಬಾಗಿಲು ತೆರೆದ ಸದ್ದು. ಇಷ್ಟು ಬೇಗ ತೆರೆಯಬಾರದು, ಗಾಳಿ ತಾಗಿದರೆ ನಡುವೆ ಕೂತುಬಿಡುತ್ತೆ. ತುಟಿ ಕಚ್ಚಿಕೊಂಡೆ. ಮತ್ತೆ ಮುಚ್ಚಿದಳು. ಐದು ನಿಮಿಷಕ್ಕೆ ಮತ್ತೆ ತೆರೆದಳು. ನಾನು ಮೆಟ್ಟಿಲು ಇಳಿದು ಕೆಳಗಿನ ಮಹಡಿಯವರೆಗೆ ಹೋದೆ, ಮತ್ತೆ ಹತ್ತಿದೆ. ಕಂಬಿಯ ಮೇಲಿನ ತುಕ್ಕನ್ನು ಉಗುರಲ್ಲಿ ಕೆರೆದೆ. ಒಂದು ಮೆಟ್ಟಿಲ ಉದ್ದಕ್ಕೂ ಕೆರೆದೆ. ಯಾರದೋ ಮನೆಯ ಕಾಲೊರಸು ಓರೆಯಾಗಿತ್ತು, ಅದನ್ನು ನೆಟ್ಟಗಿಟ್ಟೆ, ಇಟ್ಟ ಮೇಲೆ ನಾಚಿಕೆಯಾಗಿ ಮತ್ತೆ ಓರೆ ಮಾಡಿದೆ.

ಆಗ ಸೀದ ವಾಸನೆ ಬಂತು.

ನನ್ನ ಮೂಗಿಗೆ ಅದನ್ನು ಕಲಿಸಬೇಕಿಲ್ಲ. ಸಕ್ಕರೆ ಕಂದುಬಣ್ಣಕ್ಕೆ ತಿರುಗುವ ವಾಸನೆ ಬೇರೆ, ಕರಿಯಾಗುವ ವಾಸನೆ ಬೇರೆ. ಇದು ಎರಡರ ನಡುವಿನದು. ಒಂದೆರಡು ನಿಮಿಷ ಹೋದರೆ ಕೈ ಮೀರುತ್ತದೆ. ಬಾಗಿಲ ಮುಂದೆ ನಿಂತಿದ್ದೆ. ಅಂಗೈ ಬಾಗಿಲ ಮೇಲಿತ್ತು. ಒಳಗೆ ಅತ್ತೆ ಇದ್ದಾರೆ, ಬೆಂಕಿಯ ಭಯ ಇಲ್ಲ. ಸೀಯುವುದು ಕೇಕು ಮಾತ್ರ. ಆದರೆ ಮೊಟ್ಟೆ ಮುಗಿದಿದೆ. ಇದು ಹೋದರೆ ಮೂರನೆಯದಿಲ್ಲ. ಒಳಗೆ ಹೋದರೆ ಕೇಕು ಉಳಿಯುತ್ತೆ, ಹುಡುಗಿ ಸ್ಪರ್ಧೆಗೆ ಹೋಗುವುದಿಲ್ಲ. ನಾನು ಒಳಗೆ ಹೋಗದಿದ್ದರೆ ಕರಿಕಾದದ್ದನ್ನು ಹೊತ್ತುಕೊಂಡು ಅಷ್ಟು ಜನರೆದುರು ನಿಲ್ಲುತ್ತಾಳೆ.

"ಹುಳೂ! ಏನೋ ವಾಸನೆ..."

"ಗೊತ್ತು!"

"ಟ್ರೇ ಸ್ವಲ್ಪ ಆ ಕಡೆ..."

"ಅಮ್ಮಾ! ಗೊತ್ತು ಅಂದೆ!"

ಅಂಗೈ ತೆಗೆದೆ. ತೆಗೆದ ಜಾಗದಲ್ಲಿ ಬೆವರಿನ ಗುರುತು ಉಳಿಯಿತು. ಹೋಗಿ ಮೆಟ್ಟಿಲ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಸಿಮೆಂಟು ತಣ್ಣಗಿತ್ತು. ಬೆರಳು ಜೋಮು ಹಿಡಿದವು. ಹಾಗೇ ಬಿಟ್ಟೆ. ಒಳಗೆ ಏನೋ ಎಳೆದ ಸದ್ದು, ಅತ್ತೆ "ಬಿಸಿ, ಬಿಸಿ, ಬಟ್ಟೆ ಹಿಡ್ಕೋ" ಅಂದದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಮೂರೂ ಮುಕ್ಕಾಲಿಗೆ ಬಾಗಿಲು ತೆರೆಯಿತು. ಹುಳು ಎರಡು ಕೈಯಲ್ಲಿ ತಟ್ಟೆ ಹಿಡಿದು ಬಂದಳು. ಈ ಕೇಕು ಮೊದಲನೆಯದಕ್ಕಿಂತಲೂ ವಾಲಿತ್ತು. ಕರಿದಾದ ಮಗ್ಗುಲನ್ನು ಕೆರೆದು ಅಲ್ಲಿ ಜಾಮು ಬಳಿದಿದ್ದಳು. ಮನೆಯ ಚಾವಣಿ ನಡುವೆ ಸ್ವಲ್ಪ ತಗ್ಗಿತ್ತು. ನಾನು ಪುಸ್ತಕ ಹಿಡಿದುಕೊಂಡು ಹಿಂದೆ ನಡೆದೆ. ಬೀದಿಯುದ್ದಕ್ಕೂ ತಟ್ಟೆ ಅಲ್ಲಾಡಿದಾಗೆಲ್ಲ ನನ್ನ ಕೈ ಮುಂದೆ ಹೋಯಿತು. ಅತ್ತೆ ನನ್ನ ತೋಳು ಹಿಡಿದೇ ನಡೆದರು. ಅವರಿಗೆ ಮಂಡಿ ನೋವಿದೆ ನಿಜ, ಆದರೆ ಆವತ್ತು ಹಿಡಿದದ್ದು ಅದಕ್ಕಲ್ಲ.

ಲೈಬ್ರರಿಯಲ್ಲಿ ಓದುವ ಮೇಜುಗಳನ್ನೆಲ್ಲ ಸೇರಿಸಿ ಒಂದು ಉದ್ದ ಸಾಲು ಮಾಡಿದ್ದರು. ಒಂಬತ್ತು ಕೇಕು. ಹಡಗೊಂದು, ಹಸಿರು ಕಾಡೊಂದು, ತೆರೆದ ಪುಸ್ತಕವೊಂದು, ಅದರ ಪುಟಗಳು ನಿಜವಾಗಿಯೂ ಪುಟದ ಹಾಗೇ ಇದ್ದವು. ನೆಟ್ಟಗೆ, ಮಟ್ಟಸವಾಗಿ. ಅವುಗಳ ನಡುವೆ ನಮ್ಮದು ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ ಪಕ್ಕದ ಹಡಗಿನ ಕಡೆ ಒರಗಿತ್ತು. ಹಡಗು ಮಾಡಿದ ಮಗುವಿನ ತಾಯಿ ತಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿಕೊಂಡರು.

ಲೈಬ್ರರಿ ಮೇಡಂ ಒಂದು ಚೀಟಿ ಕೊಟ್ಟರು: ಮಾಡಿದವರು, ಪುಸ್ತಕ, ಸಹಾಯ ಮಾಡಿದವರು. ಹುಳು ಬಗ್ಗಿ ಬರೆದಳು. ಕೊನೆಯ ಸಾಲಿನಲ್ಲಿ "ಅಜ್ಜಿ, ಬಿಸಿ ಟ್ರೇ ಹಿಡಿದರು" ಅಂತ ಬರೆದು ಪೆನ್ನು ಕಚ್ಚಿದಳು. ಆಮೇಲೆ ಅದರ ಕೆಳಗೆ, "ಅಮ್ಮ, ಹೊರಗೆ ಕೂತಿದ್ದರು."

ತೀರ್ಪು ಕೊಡಲು ಬಂದಿದ್ದವರು ಮುಖ್ಯರಸ್ತೆಯ ಬೇಕರಿಯ ಯಜಮಾನರು. ದಪ್ಪ ಮೈ, ಸಣ್ಣ ದನಿ. ನಮ್ಮ ಕೇಕಿನ ಮುಂದೆ ನಿಂತು ತಲೆಯನ್ನು ಅದರಷ್ಟೇ ಓರೆ ಮಾಡಿ ನೋಡಿದರು.

"ಇದು ಬಿದ್ದಿದ್ದಾ ಮರಿ, ಬೀಳಿಸಿದ್ದಾ?"

ನನ್ನ ಬಾಯಿ ತೆರೆಯಿತು. ತಪ್ಪು ನನ್ನದು, ಮೊದಲನೆಯದು ಚೆನ್ನಾಗಿತ್ತು, ನಾನೇ ಎಸೆದೆ ಅಂತ ಎಲ್ಲವನ್ನೂ ಹೇಳಿಬಿಡಬೇಕೆನ್ನಿಸಿತು. ಅತ್ತೆ ನನ್ನ ತೋಳನ್ನು ಹಿಂಡಿದರು.

"ವಾಲಿಸಿದ್ದು" ಅಂದಳು ಹುಳು. ಮನೆಯ ಕಥೆ ಹೇಳಿದಳು. ಮುದುಕಿ, ಬಡಗಿ, ಗೂಟ. ನಾಲ್ಕು ಜನ ಅಲ್ಲ, ಮೂವತ್ತು ಜನರ ಎದುರು. ನಾನು ಒಂದು ಮಾತೂ ಬಿಡದೆ ಕೇಳಿದೆ.

"ಹಂಗಾದ್ರೆ ಈಗ ಯಾರಿಗೆ ಬೇಜಾರಾಗಿದೆ? ಯಾರ ಕಡೆ ವಾಲಿದೆ ಇದು?" ಅಂದರು ಯಜಮಾನರು.

ಹುಳು ಕೇಕನ್ನು ಒಮ್ಮೆ ನೋಡಿ, "ನನ್ನ ಕಡೆ" ಅಂದಳು. "ಮಧ್ಯಾಹ್ನ ಮಾಡಿದ್ದಲ್ವಾ, ಆಗ ಬೇಜಾರಾಗಿತ್ತು. ಈಗ ಅಷ್ಟಿಲ್ಲ. ಆದ್ರೆ ಕೇಕು ಬೆಂದುಬಿಟ್ಟಿದೆ, ನೆಟ್ಟಗಾಗಲ್ಲ."

ಜನ ನಕ್ಕರು. ನನಗೆ ನಗಲಾಗಲಿಲ್ಲ. ಯಜಮಾನರು ಚಾಕು ಇಳಿಸಿದರು. ಚಾಕುವಿಗೆ ನಡುವಿನ ಹಸಿ ಹಿಟ್ಟು ಅಂಟಿಕೊಂಡು ಬಂತು. "ಒಳಗೆ ಬೆಂದಿಲ್ಲವಲ್ಲ ಮರಿ" ಅಂದು, ಬೆಂದ ಅಂಚಿನ ಕಡೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡು ಮುಂದಿನ ತಟ್ಟೆಗೆ ಹೋದರು.

ಬಹುಮಾನ ಹಡಗಿಗೆ ಬಂತು. ಎರಡನೆಯದು ಕಾಡಿಗೆ. ಮೂರನೆಯದು ಯಾವುದಕ್ಕೋ, ನಾನು ಕೇಳಿಸಿಕೊಳ್ಳಲಿಲ್ಲ. ಹುಳುವಿನ ಮುಖವನ್ನೇ ನೋಡುತ್ತಿದ್ದೆ. ಹೋದ ವರ್ಷದ ಆ ಬೆಳಿಗ್ಗೆಯ ಮುಖ ಎಲ್ಲಿ ಮತ್ತೆ ಬಂದುಬಿಡುತ್ತದೋ ಅಂತ. ಅವಳು ಚಪ್ಪಾಳೆ ತಟ್ಟಿದಳು, ಸ್ವಲ್ಪ ಕಮ್ಮಿ ತಟ್ಟಿದಳು, ಆಮೇಲೆ ನಮ್ಮ ಕೇಕಿನ ಬಳಿ ಹೋಗಿ ಒಂದು ತುಂಡು ಕತ್ತರಿಸಿ ನನ್ನ ಮುಂದೆ ಹಿಡಿದಳು. ನಡುವಿನ ತುಂಡು. ಬೇಕೆಂದೇ.

"ತಿನ್ನು. ನಿಜ ಹೇಳು."

ತಿಂದೆ. ಹಲ್ಲಿಗೆ ಹಿಟ್ಟು ಅಂಟಿತು.

"ಹಸಿ ಇದೆ."

"ಗೊತ್ತು. ಇನ್ನೇನು?"

"ಸಕ್ಕರೆ ಸರಿಯಾಗಿದೆ. ಜಾಮು ಜಾಸ್ತಿಯಾಯ್ತು. ಇನ್ನೊಂದು ಎಂಟು ನಿಮಿಷ ಬೇಯಬೇಕಿತ್ತು. ಬಾಗಿಲು ಪದೇ ಪದೇ ತೆಗೀಬಾರದಿತ್ತು."

"ಎಂಟಾ, ಹತ್ತಾ?"

"ಎಂಟು."

ಅವಳು ಬಾಯೊಳಗೇ ಎಂಟು, ಎಂಟು ಅಂದುಕೊಂಡಳು. "ಮುಂದಿನ ಸಲ ಸೂಪಿನ ಸ್ಪರ್ಧೆಯಂತೆ ಅಮ್ಮ. ಮಳೆ ಶುರುವಾದ ಮೇಲೆ. ಮೇಡಂ ಹೇಳಿದ್ರು. ನಾನು ಹೆಸರು ಕೊಟ್ಟೆ."

"ಸೂಪಿಗೆ ಎಂಟು ನಿಮಿಷ ಯಾಕೆ?"

"ಕೇಕಿಗೆ ಅದರ ಮುಂದಿನ ಸಲ." ಬೆರಳಿಗಂಟಿದ ಜಾಮನ್ನು ನೆಕ್ಕಿದಳು. "ನೀನು ಆಗಲೂ ಹೊರಗೇ. ತಿಳೀತಾ?"

"ಚಳಿಯಾಗುತ್ತಲ್ಲೇ, ಮೆಟ್ಟಿಲು ತಣ್ಣಗಿರುತ್ತೆ."

"ಒಂದು ಚಾಪೆ ಹಾಕ್ಕೋ" ಅಂದವಳೇ ಹಡಗಿನ ತುಂಡು ಮುಗಿಯುವ ಮುಂಚೆ ಸಿಗಬೇಕೆಂದು ಜನರ ನಡುವೆ ನುಗ್ಗಿ ಹೋದಳು. ಅವಳ ಜಡೆಯ ರಿಬ್ಬನ್ನು ಅರ್ಧ ಬಿಚ್ಚಿ ನೇತಾಡುತ್ತಿತ್ತು. ನೋಡುತ್ತಾ ನಿಂತೆ.